ದಂಡೋತಿಯಲ್ಲಿ ಇಟಲಿ ಪುರಾಣ

ದೇವರು ಮನುಷ್ಯನಿಗೆ ನಾಲಿಗೆ ಕೊಟ್ಟದ್ದು ತನ್ನ ನಾಮವನ್ನು ನುಡಿಯಲಿ ಎಂದು. ದಂಡೋತಿಯ ಅಂಬರಾಯನೂ ಬೆಳಿಗ್ಗೆ ಎದ್ದು ಕಾಗಿಣಾ ನದಿಯಲ್ಲಿ ಮುಳುಗಿ ಹನುಮಪ್ಪನ ಗುಡಿಯಿಂದ ಹೊರಬರುವ ತನಕ ಅದನ್ನೇ ಮಾಡುತ್ತಿದ್ದ. ಹೊರಗೆ ಬಂದು ಚಹಾದ ಅಂಗಡಿಯ ಬೆಂಚಿನ ಮೇಲೆ ಕುಳಿತ ಮೇಲೆ ಮಾತ್ರ ನಾಲಿಗೆ ದೇವರ ಕೈಯಲ್ಲಿ ಉಳಿಯುತ್ತಿರಲಿಲ್ಲ.

ಶಹಾಬಾದಿನ ಒಂದು ನೆಲಹಾಸಿನ ಫರಸಿ ಕಲ್ಲಿನ ಕಾರ್ಖಾನೆಯಲ್ಲಿ ಅವನು ಇಪ್ಪತ್ತಾರು ವರ್ಷ ಪಾಲಿಶ್ ಕೆಲಸ ಮಾಡಿದ್ದ. ಒಂದು ಸಲ ಅಲ್ಲಿಗೆ ಇಟಲಿಯಿಂದ ಯಂತ್ರ ಬಂತು. ಅದನ್ನು ಜೋಡಿಸಿ ಕೊಡಲು ಹಿಂದೆಯೇ ಒಬ್ಬ ಮಿಸ್ತ್ರಿಯೂ ಬಂದ. ಮಿಸ್ತ್ರಿ ಇದ್ದದ್ದು ಹನ್ನೊಂದು ದಿನ. ಅದರಲ್ಲಿ ನಾಲ್ಕು ದಿನ ಹೊಟ್ಟೆ ಕೆಟ್ಟು ಮಲಗಿದ್ದ. ಉಳಿದ ಏಳು ದಿನ ಅಂಬರಾಯ ಅವನ ಪಕ್ಕದಲ್ಲಿ ನಿಂತು ಬೋಲ್ಟು ತಿರುವುವ ಪಾನಾ ಕೊಟ್ಟ, ನೀರು ಕೊಟ್ಟ, ಎರಡು ಮಾತು ಕಲಿತ. ‘ಬಾಸ್ತಾ’ ಎಂದರೆ ಸಾಕು. ‘ಪಿಯಾನೊ’ ಎಂದರೆ ಸಾವಕಾಶ. ಊರಿಗೆ ಬಂದು ಹೇಳುವಷ್ಟರಲ್ಲಿ ಹನ್ನೊಂದು ದಿನ ಹನ್ನೊಂದು ತಿಂಗಳಾಗಿತ್ತು, ಎರಡು ಮಾತು ಪೂರ್ತಿ ಭಾಷೆಯಾಗಿತ್ತು. ದಂಡೋತಿಯಲ್ಲಿ ಇಟಲಿಯವರು ಯಾರೂ ಇಲ್ಲದ ಕಾರಣ ಆ ಸುಳ್ಳು ಹತ್ತೊಂಬತ್ತು ವರ್ಷ ಕೆಮ್ಮು ನೆಗಡಿ ಇಲ್ಲದೆ ಸುಖವಾಗಿ ಬಾಳಿತು.

ಆ ಸುಳ್ಳನ್ನು ಅವನು ಭಾಗಣ್ಣನಿಗೂ ಹೇಳಿಬಿಟ್ಟಿದ್ದ. ಕಷ್ಟ ಶುರುವಾದದ್ದು ಅಲ್ಲಿಂದ.

ಭಾಗಣ್ಣ ಚಿಂಚೋಳಿ ತಾಲ್ಲೂಕಿನ ಚಿಮ್ಮನಚೋಡದವನು. ಅವನ ಹಿರಿಯ ಮಗನಿಗೆ ಅಂಬರಾಯನ ಒಬ್ಬಳೇ ಮಗಳು ಸುಶ್ಮಿತಾಳನ್ನು ಕೇಳಿ ಬಂದಿದ್ದರು. ಹುಡುಗ ಹುಡುಗಿ ಒಪ್ಪಿದ್ದರು. ಭಾಗಣ್ಣ ದಪ್ಪ ಆಳು, ದೊಡ್ಡ ಮೀಸೆ, ಒಂದು ಸಲ ಆಡಿದ ಮಾತನ್ನು ಬದಲಿಸುವವನಲ್ಲ. ಸುಳ್ಳು ಹೇಳುವವರ ಮನೆಯಲ್ಲಿ ನೀರು ಸಹ ಕುಡಿಯುವುದಿಲ್ಲವೆಂದು ಅವನ ಖ್ಯಾತಿ. ಬೀಗನಿಗೆ ಇಟಲಿ ಭಾಷೆ ಬರುತ್ತದೆಂಬುದನ್ನು ಸೇಡಂ ಬಸ್ಸಿನಲ್ಲಿ ಗುರುತಿಲ್ಲದವರಿಗೂ ಹೇಳಿಕೊಂಡು ಹೋಗಿದ್ದ.

ಎಲ್ಲ ಕೂಡಿ ಬಂದು ಒಂದೇ ಮಾತಿಗೆ ನಿಂತಿತ್ತು. ಲಗ್ನ ಚಿಮ್ಮನಚೋಡದಲ್ಲೇ ಆಗಬೇಕು ಎಂದು ಭಾಗಣ್ಣ. ದಂಡೋತಿಯಲ್ಲಿ, ತನ್ನ ಅಂಗಳದಲ್ಲಿ ಆಗಬೇಕು ಎಂದು ಅಂಬರಾಯ. ಯಾಕೆ ಎಂದು ಕೇಳಿದರೆ ಅಂಬರಾಯ ಹೇಳುತ್ತಿರಲಿಲ್ಲ. ಹೋದ ಮಾಘದಲ್ಲಿ ಸುಶ್ಮಿತಾಳ ತಾಯಿ ತೀರಿಕೊಂಡಿದ್ದಳು. ಹೋಗುವ ಮುಂಚೆ ಗಂಡನನ್ನು ಕೇಳಿಕೊಂಡದ್ದು ಅದೊಂದನ್ನೇ. ಅದನ್ನು ಹೇಳಲೆಂದು ಅಂಬರಾಯ ಎರಡು ಸಲ ಬಾಯಿ ತೆರೆದಿದ್ದ. ಎರಡು ಸಲವೂ ಇಟಲಿಯ ಯಂತ್ರದ ಸುದ್ದಿ ಹೇಳಿ ಮುಗಿಸಿದ್ದ.

ಭಾಗಣ್ಣ ಈ ಭಾನುವಾರ ಕೊನೆಯ ಮಾತು ಕೇಳಲು ಬಂದಿದ್ದ, ಜೊತೆಗೆ ಸೇಡಮ್ಮಿನಲ್ಲಿ ಬಿ.ಎ. ಓದುವ ಮಗಳು ಸುನಿತಾ. ಒಪ್ಪದಿದ್ದರೆ ಚಿತ್ತಾಪುರದಲ್ಲಿ ಇನ್ನೊಂದು ಹೆಣ್ಣು ನೋಡಿಟ್ಟಿದ್ದೇವೆ ಎಂಬುದನ್ನೂ ಊಟದ ನಡುವೆ, ಹಪ್ಪಳ ಮುರಿಯುತ್ತ, ಮೆತ್ತಗೆ ತಿಳಿಸಿದ. ಸುಶ್ಮಿತಾ ಒಳಗೆ ಸಾರಿನ ಸೌಟು ಹಿಡಿದು ಅಲ್ಲೇ ನಿಂತಳು.

ಅಷ್ಟರಲ್ಲಿ ನೆರೆಮನೆಯ ಸಂಗಣ್ಣ ಬಾಗಿಲಲ್ಲಿ ಕಾಣಿಸಿಕೊಂಡ. ಇನ್ನೊಬ್ಬರ ಕಷ್ಟಕ್ಕೆ ಕರೆಯದೆ ಬರುವ ಗುಣ ಅವನದು.

“ಅಂಬರಾಯಾ, ಜಲ್ದಿ ನಡಿ. ಸಾಲ್ಯಾಗ ಮಾಸ್ತರು ಪಿಕ್ಚರ್ ಹಾಕಲಿಕತ್ತಾರ. ಇಟಲಿದು. ಒಬ್ಬರಿಗೂ ಒಂದಕ್ಷರ ತಿಳೀವಲ್ದು. ನೀನೇ ಬರಬೇಕಂತ ಹೇಳಿ ಕಳಿಸ್ಯಾರ.”

“ನನಗ ಈಗ ಬೀಗರು ಬಂದಾರಪಾ,” ಎಂದ ಅಂಬರಾಯ. ಅವನ ಕೈಯ ತುತ್ತು ತಟ್ಟೆಗೆ ಮರಳಿತ್ತು.

“ಬೀಗರಿಗೇನ್ ತ್ರಾಸ?” ಎಂದು ಭಾಗಣ್ಣ ಎದ್ದೇಬಿಟ್ಟ. “ನಡೀರಿ, ನಡೀರಿ. ನಿಮ್ಮ ಇಟಲಿ ಮಾತು ನನ್ನ ಕಿವಿಲೆ ಕೇಳಬೇಕಂತ ಭಾಳ ದಿನದಿಂದ ಆಸೆ ಅದ. ಲಗ್ನದ ಮಾತು ಬಂದಮ್ಯಾಲೆ ಆಡೋಣಂತ.”

ಸುಶ್ಮಿತಾ ಕೈಗೆ ನೀರು ಹಾಕುತ್ತ ಮೆಲ್ಲಗೆ ಕೇಳಿದಳು, “ಯಪ್ಪಾ, ಈಗೇನ್ ಮಾಡ್ತಿ?”

“ಹನುಮಪ್ಪ ಅದಾನ,” ಎಂದ ಅಂಬರಾಯ.

“ಹನುಮಪ್ಪಗೂ ಇಟಲಿ ಬರೂದಿಲ್ಲ ಯಪ್ಪಾ.”

ಶಾಲೆಯ ದೊಡ್ಡ ಕೋಣೆಯ ಕಿಟಕಿಗಳಿಗೆಲ್ಲ ಕೌದಿ ಹೊದಿಸಿ ನಡುಮಧ್ಯಾಹ್ನವನ್ನು ಕತ್ತಲು ಮಾಡಿದ್ದರು. ಒಳಗೆ ಎಂಭತ್ತು ಜನ ಬೆವರುತ್ತ ಕುಳಿತಿದ್ದರು. ಸುರೇಶಕುಮಾರ ಮಾಸ್ತರರು ತಿಂಗಳಿಗೊಮ್ಮೆ ಊರಿಗೆ ಒಳ್ಳೆಯ ಚಿತ್ರ ತೋರಿಸುವ ವ್ರತ ಹಿಡಿದವರು. ಕಲಬುರಗಿಯ ಸ್ನೇಹಿತರೊಬ್ಬರಿಂದ ಈ ಚಿತ್ರವನ್ನು ತಂದಿದ್ದರು. ಪರದೆಯ ಕೆಳಗೆ ಇಂಗ್ಲಿಷ್ ಅಕ್ಷರ ಬರುತ್ತದೆ, ತಾವು ಓದಿ ಕನ್ನಡದಲ್ಲಿ ಹೇಳಬಹುದು ಎಂದುಕೊಂಡಿದ್ದರು. ಅಕ್ಷರ ಬರಲೇ ಇಲ್ಲ.

“ಇದು ಎಪ್ಪತ್ತು ವರ್ಷದ ಹಿಂದಿನ ಹಾಸ್ಯ ಚಿತ್ರ,” ಎಂದು ಮಾಸ್ತರರು ಎದ್ದು ನಿಂತು ಹೇಳಿದರು. “ದೊಡ್ಡ ಯುದ್ಧ ಮುಗಿದು ಇಟಲಿಯವರಿಗೆ ತಿನ್ನಲಿಕ್ಕೂ ಇರಲಿಲ್ಲ, ಉಡಲಿಕ್ಕೂ ಇರಲಿಲ್ಲ. ಆಗ ಬಂದದ್ದು. ಚಿತ್ರ ತೆಗೆದವ ನಮ್ಮ ಬಡತನಾನ ಜಗತ್ತಿಗೆ ತೋರಿಸಿ ಮಾನ ಕಳೀತಾನ ಅಂತ ಅಲ್ಲಿಯ ದೊಡ್ಡ ಜನ ಸಿಟ್ಟಾದರಂತ. ಬಡವರು ಮಾತ್ರ ನೋಡಿ ನಕ್ಕೂ ನಕ್ಕೂ ಸುಸ್ತಾದರಂತ.”

“ನಾವೂ ನಗಬೇಕಂದ್ರ ಏನಾಗ್ಲಿಕತ್ತದ ಅಂತ ತಿಳೀಬೇಕಲ್ರಿ,” ಎಂದ ಸಂಗಣ್ಣ. “ಅದಕ್ಕೇ ಅಂಬರಾಯನ್ನ ಕರಕೊಂಡು ಬಂದೀನಿ.”

ಇಲ್ಲಿ ಒಂದು ಮಾತು ಹೇಳಬೇಕು. ದಂಡೋತಿಯಲ್ಲಿ ಶ್ರಾವಣ ಮಾಸ ಪೂರ್ತಿ ಗುಡಿಯಲ್ಲಿ ಪುರಾಣ ನಡೆಯುತ್ತದೆ. ಒಬ್ಬರು ಪದ್ಯ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು. ಕೆಲಸ ಬಿಟ್ಟು ಊರಿಗೆ ಬಂದ ಮೇಲೆ ಅರ್ಥ ಹೇಳುವ ಭಾಗ್ಯ ಅಂಬರಾಯನ ಪಾಲಿಗೆ ಬಂದಿತ್ತು. ಪುರಾಣದಲ್ಲಿ ಮಗು ಹುಟ್ಟುವ ದಿನ ಹೆಂಗಸರು ನಿಜವಾದ ತೊಟ್ಟಿಲು ತಂದು ತೂಗುತ್ತಾರೆ. ಲಗ್ನದ ದಿನ ಎಲ್ಲರ ಕೈಗೂ ಅಕ್ಷತೆ ಹಂಚಿ, ಅರ್ಥ ಹೇಳುವವನು ತಾಳಿ ಕಟ್ಟಿಸಿದಾಗ ಎದ್ದು ನಿಂತು ಹಾಕುತ್ತಾರೆ. ಹಾಗೆ ಹಾಕಿದರೆ ಆ ಲಗ್ನಕ್ಕೆ ತಾವೂ ಸಾಕ್ಷಿ ಎಂದು ಅರ್ಥ. ಹೀಗಾಗಿ ಅಂಬರಾಯ ಕೈಯಲ್ಲಿ ಕೋಲು ಹಿಡಿದು ಪರದೆಯ ಪಕ್ಕಕ್ಕೆ ನಿಂತದ್ದೇ ತಡ, ಮುಂದಿನ ಸಾಲಿನಲ್ಲಿದ್ದ ಬಸ್ಸಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಊರಿನ ಪುರಾಣಕ್ಕೆಲ್ಲ ಮುಂದಾಳು ಆಕೆ.

“ಅಂಬರಾಯಾ, ಇದ್ರಾಗ ಲಗ್ನ ಬರ್ತದೇನೋ?”

“ಬರ್ತದ ಅತ್ತಿ,” ಎಂದ ಅಂಬರಾಯ. ಬೇರೆ ಏನು ಬರುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

“ಹಂಗಾದ್ರ ಅಕ್ಷತಿ ಕಲಸಿಡ್ರೆವ್ವಾ,” ಎಂದು ಆಕೆ ಹಿಂದೆ ತಿರುಗಿ ಹೇಳಿದಳು. ಯಾರೋ ಮನೆಗೆ ಓಡಿದರು.

“ಹರ ನಮಃ ಪಾರ್ವತೀಪತೇ,” ಎಂದ ಅಂಬರಾಯ, ಅಭ್ಯಾಸಬಲದಿಂದ.

“ಹರ ಹರ ಮಹಾದೇವ,” ಎಂದರು ಎಂಭತ್ತು ಜನ. ಇಟಲಿಯ ಚಿತ್ರ ಶುರುವಾಯಿತು.

ಕಪ್ಪು ಬಿಳುಪಿನ ಒಂದು ಊರು. ಕತ್ತೆಯ ಗಾಡಿ, ಒಡೆದ ಗೋಡೆ, ಒಂದು ರೊಟ್ಟಿ ಅಂಗಡಿ. ತಲೆಗಿಂತ ಸಣ್ಣ ಟೊಪ್ಪಿಗೆ ಇಟ್ಟ ಒಬ್ಬ ಬಡಕಲು ಮನುಷ್ಯ ಬಂದ. ಮೀಸೆಯ ದಪ್ಪ ಮನುಷ್ಯನೊಬ್ಬ ಬಂದ. ಮೇಲಿನ ಕಿಟಕಿಯಲ್ಲಿ ದುಂಡು ಮುಖದ ಹುಡುಗಿ ಕಾಣಿಸಿದಳು. ಬಡಕಲು ಮನುಷ್ಯ ಆಕೆಯನ್ನು ನೋಡಿ ಕಣ್ಣೊರೆಸಿಕೊಂಡ.

ಅಂಬರಾಯ ಧೈರ್ಯ ತಂದುಕೊಂಡ. “ಈ ಬಡಕಲು ಮನುಷ್ಯಾ ಹುಡುಗಿ ತಂದಿ. ಮಗಳ ಲಗ್ನದ ಚಿಂತಿ ಹತ್ತ್ಯಾದ. ಈ ದಪ್ಪ ಮನುಷ್ಯಾ ವರನ ತಂದಿ.”

“ಪಾಪ,” ಎಂದಳು ಬಸ್ಸಮ್ಮ.

“ಏನ್ ಮಾತಾಡಲಿಕತ್ತಾರ್ರೀ ಬೀಗರೇ, ಮಾತಿಗೆ ಮಾತು ಹೇಳ್ರಿ,” ಎಂದ ಭಾಗಣ್ಣ. ಅವನನ್ನು ಗೌರವಕ್ಕಾಗಿ ಕುರ್ಚಿಯ ಮೇಲೆ ಕೂರಿಸಿದ್ದರು.

ಅದೇ ಹೊತ್ತಿಗೆ ದಪ್ಪ ಮನುಷ್ಯ ಕೈ ಬೀಸಿ “ಬಾಸ್ತಾ” ಎಂದ. ಅಂಬರಾಯನಿಗೆ ನೀರಿನಲ್ಲಿ ಮುಳುಗುವವನಿಗೆ ಹಗ್ಗ ಸಿಕ್ಕಂತಾಯಿತು. “ಸಾಕು ಅಂದ. ಕೇಳಿದ್ರಿಲ್ಲೋ? ಬಾಸ್ತಾ ಅಂದ್ರ ಸಾಕು.” ಭಾಗಣ್ಣ ಅಕ್ಕಪಕ್ಕದವರ ಕಡೆಗೆ ತಿರುಗಿ, ನೋಡಿದಿರಾ ನಮ್ಮ ಬೀಗರನ್ನು ಎಂಬಂತೆ ಮೀಸೆ ತಿರುವಿದ.

ಕಾಲು ಗಂಟೆ ಎಲ್ಲ ಸುಖವಾಗಿ ನಡೆಯಿತು. ಆಮೇಲೆ ಬಡಕಲು ಮನುಷ್ಯ ಏಣಿ ಹತ್ತಿ ಕಿಟಕಿಗೆ ಹೋಗಿ, ಟೊಪ್ಪಿಗೆ ತೆಗೆದು, ಆ ಹುಡುಗಿಗೆ ಬಾಯಿಗೆ ಬಾಯಿ ಇಟ್ಟು ಮುತ್ತು ಕೊಟ್ಟ.

ಬಸ್ಸಮ್ಮ ಎದ್ದು ನಿಂತಳು.

“ತಂದಿ ಅಂದ್ಯಲ್ಲೋ ಅಂಬರಾಯಾ. ಹೆತ್ತ ತಂದಿ.”

ಹಿಂದಿನಿಂದ ಯಾರೋ ದೀಪ ಹಾಕಿರಿ ಎಂದರು. ಇನ್ಯಾರೋ ಮಕ್ಕಳ ಕಣ್ಣು ಮುಚ್ಚಿರಿ ಎಂದರು. ಸಂಗಣ್ಣ, “ಇಟಲಿಯಾಗ ಹಂಗೇ ಇರಬೇಕು ಬಿಡ್ರಿ,” ಎಂದು ತುಪ್ಪ ಸುರಿದ. ಭಾಗಣ್ಣ ಕುರ್ಚಿಯಲ್ಲಿ ಮುಂದಕ್ಕೆ ಸರಿದು ಅಂಬರಾಯನನ್ನೇ ನೋಡಿದ. ಇಪ್ಪತ್ತಾರು ವರ್ಷ ಕಲ್ಲು ತಿಕ್ಕಿದ ಅಂಬರಾಯನ ಬೆವರು ಆ ದಿನಗಳಲ್ಲೂ ಇಷ್ಟು ಇಳಿದಿರಲಿಲ್ಲ.

“ಸಾವಕಾಶ, ಸಾವಕಾಶ,” ಎಂದ ಅವನು. “ಮೊದಲು ಬಂದವ ತಂದಿ, ಇವ ತಂದಿ ಅಲ್ಲ. ಇವ ವರ. ಹುಡುಗಿ ತಂದಿಗೆ ಖಾಸಾ ಅಕ್ಕನ ಮಗ. ಸೋದರಳಿಯ ಅಂದಮ್ಯಾಲೆ ಮಾವನ ಮುಖ ಇರೂದಿಲ್ಲೇನು?”

ಈ ಉತ್ತರಕ್ಕೆ ಯಾವ ದೇಶದ ಪಂಡಿತರಾದರೂ ನಕ್ಕಾರು. ದಂಡೋತಿಯಲ್ಲಿ ಮಾತ್ರ ಎಲ್ಲರೂ ತಲೆಯಾಡಿಸಿದರು. ಅಲ್ಲಿ ಕುಳಿತವರಲ್ಲಿ ಅರ್ಧಕ್ಕೆ ಅರ್ಧ ಜನ ಸೋದರಮಾವನ ಮಗಳನ್ನೇ ಕಟ್ಟಿಕೊಂಡವರು. ಎಲ್ಲರ ಮೂಗೂ ಮಾವಂದಿರ ಮೂಗೇ.

“ನಮ್ಮ ಅಳಿಯ ಚಂದ್ರಾಮನೂ ಹಂಗೇ ಅಲ್ಲೇನವ್ವಾ, ಮಾವನ್ನ ಕೊರದಿಟ್ಟಂಗ ಅದಾನ,” ಎಂದು ಬಸ್ಸಮ್ಮ ಕುಳಿತುಕೊಂಡಳು. “ಮತ್ತ ನಮಗ ಗುರ್ತ ಹ್ಯಾಂಗ ಹತ್ತಬೇಕೋ, ಇವ ಮಾವ, ಇವ ಅಳಿಯ ಅಂತ?”

“ಟೊಪಗಿ ಇದ್ರ ಮಾವ, ಇಲ್ಲಂದ್ರ ಅಳಿಯ,” ಎಂದ ಅಂಬರಾಯ. ಈ ವಿವೇಕ ತನಗೆ ಎಲ್ಲಿಂದ ಬಂತೆಂದು ಅವನಿಗೇ ಅಚ್ಚರಿಯಾಯಿತು.

ಆದರೆ ಬಡಕಲು ಮನುಷ್ಯ ಬಲು ಮರ್ಯಾದಸ್ಥ. ಮುಂದಿನ ದೃಶ್ಯದಲ್ಲಿ ಅವನು ಬೀದಿಯಲ್ಲಿ ನಡೆಯುತ್ತ ಎದುರಿಗೆ ಬಂದವರಿಗೆಲ್ಲ ಟೊಪ್ಪಿಗೆ ತೆಗೆದು ನಮಸ್ಕಾರ ಮಾಡತೊಡಗಿದ. ಮುದುಕಿಗೆ ತೆಗೆದ, ಪೊಲೀಸನಿಗೆ ತೆಗೆದ, ಉದ್ದನೆಯ ನಿಲುವಂಗಿಯ ಪಾದ್ರಿಗೆ ತೆಗೆದ, ಕೊನೆಗೆ ಕತ್ತೆಗೂ ತೆಗೆದ.

“ಮಾವ,” ಎಂದಿತು ಜನ. “ಅಳಿಯ. ಮಾವ. ಅಳಿಯ. ಮಾವ.”

ಎಂಭತ್ತು ಜನ ಒಂದೇ ಸ್ವರದಲ್ಲಿ ಭಜನೆಯ ಹಾಗೆ ಹೇಳಿ, ಕತ್ತೆಯ ಹತ್ತಿರ ಬರುವ ಹೊತ್ತಿಗೆ ನಗೆ ತಡೆಯಲಾರದೆ ಒಬ್ಬರ ಮೇಲೊಬ್ಬರು ಬಿದ್ದರು. ಮಾಸ್ತರರು ಕಣ್ಣೊರೆಸಿಕೊಳ್ಳುತ್ತ, ಚಿತ್ರ ಬಂದಾಗ ಇಟಲಿಯಲ್ಲಿಯೂ ಜನ ಇಷ್ಟು ನಕ್ಕಿರಲಿಕ್ಕಿಲ್ಲ ಎಂದರು.

ನಗು ಇಳಿಯುವಷ್ಟರಲ್ಲಿ ಜಗಳ ಬಂತು. ರೊಟ್ಟಿ ಅಂಗಡಿಯೊಳಗೆ ದಪ್ಪ ಮನುಷ್ಯ ಮತ್ತು ಬಡಕಲು ಮನುಷ್ಯ ಎದುರುಬದುರು ನಿಂತಿದ್ದರು. ಟೊಪ್ಪಿಗೆ ಇತ್ತು. ಇಬ್ಬರ ನಡುವೆ ಗೂಟಕ್ಕೆ ಒಂದು ಕರಿ ಕೋಟು ತೂಗುತ್ತಿತ್ತು. ದಪ್ಪ ಮನುಷ್ಯ ಮೇಜು ಗುದ್ದಿದ. ಬಡಕಲು ಮನುಷ್ಯ ಕೈ ಮುಗಿದ, ಎದೆ ಬಡಿದುಕೊಂಡ, ಮಂಡಿಯೂರಿದ.

“ಏನ್ ತಕರಾರು ಅದು?” ಎಂದ ಭಾಗಣ್ಣ.

ಅಂಬರಾಯ ಬಾಯಿ ತೆರೆದ. ಬೀಗರಿಬ್ಬರು ಜಗಳವಾಡುವ ಕಾರಣ ಅವನ ತಲೆಯಲ್ಲಿ ಒಂದೇ ಇತ್ತು.

“ಲಗ್ನ ಎಲ್ಲಿ ಮಾಡಬೇಕಂತ ತಕರಾರು. ನನ್ನ ಊರಾಗೇ ಆಗಬೇಕು ಅಂತಾನ ಈ ದಪ್ಪ ಮನುಷ್ಯಾ. ಬಡಕಲು ಮನುಷ್ಯಾ ಅಂತಾನ, ಬೀಗರೇ, ನಿಮ್ಮ ಕಾಲು ಹಿಡಕೋತೀನಿ, ನನ್ನ ಅಂಗಳದಾಗ ಆಗ್ಲಿ. ಈ ಹುಡುಗಿ ತಾಯಿ ಹಾಸಿಗಿ ಹಿಡದಾಗ ನನಗ ಒಂದೇ ಮಾತು ಕೇಳಿದಳು. ಬಂಗಾರ ಕೇಳಲಿಲ್ಲ, ಸೀರಿ ಕೇಳಲಿಲ್ಲ. ನಾ ದಿನಾ ಸಾರಿಸಿದ ಅಂಗಳದಾಗ ನನ್ನ ಮಗಳಿಗೆ ಅರಿಶಿಣ ಹಚ್ಚಿಸ್ರಿ, ನಾ ಎಲ್ಲಿದ್ರೂ ನೋಡ್ತೀನಿ ಅಂದಳು. ನಾ ಹೂಂ ಅಂದೀನಿ. ಈಗ ಇಲ್ಲ ಅಂದ್ರ ಅಕಿಗೆ ಏನ್ ಹೇಳ್ಲಿ.”

ಪರದೆಯ ಮೇಲೆ ಬಡಕಲು ಮನುಷ್ಯ ಜಾರಿ ಹಿಟ್ಟಿನ ಪೀಪಾಯಿಯೊಳಗೆ ತಲೆಕೆಳಗಾಗಿ ಬಿದ್ದ. ಮಕ್ಕಳು ನಕ್ಕರು. ದೊಡ್ಡವರು ಯಾರೂ ನಗಲಿಲ್ಲ. ಹೆಂಗಸರು ಸೆರಗಿನಿಂದ ಮೂಗೊರೆಸಿದರು.

ಭಾಗಣ್ಣನ ಕುರ್ಚಿ ಕಿರ್ ಎಂದಿತು. “ಇವ ಮನುಷ್ಯಾನೋ ಕಲ್ಲೋ?” ಎಂದು ಅವನು ಪರದೆಗೆ ಬೆರಳು ಮಾಡಿ ಗುಡುಗಿದ. “ಸತ್ತಾಕಿ ಮಾತು ಅದು. ಅದನ್ನೂ ನಡಸಾಂಗಿಲ್ಲ ಅಂತಾನಲ್ಲ. ಹಿಂಥಾ ಬೀಗನ್ನ ನಾ ಎಲ್ಲೂ ನೋಡಿಲ್ಲ.”

“ನಾವು ನೋಡೀವ್ರಿ,” ಎಂದ ಸಂಗಣ್ಣ, ಮೇಲೆ ಛತ್ತಿನ ಕಡೆ ನೋಡುತ್ತ.

ಅಷ್ಟಕ್ಕೆ ಕರೆಂಟು ಹೋಯಿತು.

ಕೌದಿಗಳನ್ನು ಸರಿಸಿದರು. ಬಿಸಿಲು ಒಳಗೆ ಬಂತು. ಕಾಲು ಗಂಟೆ ಕಾದರೂ ಕರೆಂಟು ಬರಲಿಲ್ಲ. ಮಾಸ್ತರರು ಮುಂದಿನ ಭಾನುವಾರ ನೋಡೋಣ ಎಂದರು. ಬಸ್ಸಮ್ಮ ಅಲುಗಾಡಲಿಲ್ಲ. ಆಕೆಯ ಮಡಿಲಲ್ಲಿ ಅರಿಶಿಣ ಕಲಸಿದ ಅಕ್ಕಿಯ ತಟ್ಟೆ ಇತ್ತು.

“ಅಕ್ಷತಿ ಕಲಸಿ ಲಗ್ನ ಮಾಡಲಾರದ ಏಳಬಾರದ್ರೀ ಮಾಸ್ತರೆ. ಪಿಕ್ಚರ್ ನಿಂತ್ರ ನಿಲ್ಲವಲ್ದ್ಯಾಕ. ಅಂಬರಾಯಾ, ನೀ ಅರ್ಥ ಹೇಳಿ ಮುಗಸು.”

“ಮುಗಸು, ಮುಗಸು,” ಎಂದಿತು ಜನ. ಅಕ್ಷತೆ ಕೈಯಿಂದ ಕೈಗೆ ಹೋಯಿತು. ಭಾಗಣ್ಣನೂ ಒಂದು ಹಿಡಿ ತೆಗೆದುಕೊಂಡ, ಅವನ ಮಗಳು ಸುನಿತಾಳೂ ತೆಗೆದುಕೊಂಡಳು. ಅಂಬರಾಯ ಬಟಾ ಬಯಲಾದ ಬಿಳಿ ಪರದೆಯ ಮುಂದೆ ಕೋಲು ಹಿಡಿದು ನಿಂತ.

“ಮತ್ತೇನಾಯ್ತಪಾ ಅಂದ್ರ,” ಎಂದು ರಾಗ ಎಳೆದ, “ಊರ ಹಿರ್ಯಾರು ಕೂಡಿದ್ರು. ಹಂದರ ಹಾಕಿದ್ರು. ತಂಬಿಗಿಗೆ ನೂಲು ಹಾಕಿ ಸುರಗಿ ಸುತ್ತಿದ್ರು. ಹುಡುಗಿನ್ನ ಕರಕೊಂಡು ಬಂದು ಕುಂದ್ರಿಸಿದ್ರು.”

“ಎಲ್ಲಿ ಕುಂದ್ರಿಸಿದ್ರು?” ಎಂದ ಸಂಗಣ್ಣ.

ಅಂಬರಾಯನ ರಾಗ ನಿಂತಿತು. ಎರಡು ಊರಿನ ಹೆಸರು ಬಾಯಿಗೆ ಬಂದವು, ಎರಡನ್ನೂ ನುಂಗಿದ. ಹಿಂದೆಯೇ ಬಂದು ಬಾಗಿಲ ಹತ್ತಿರ ನಿಂತಿದ್ದ ಸುಶ್ಮಿತಾ ತಲೆ ತಗ್ಗಿಸಿದಳು.

“ಹೇಳ್ರಿ ಬೀಗರೇ. ಎಲ್ಲಿ ಕುಂದ್ರಿಸಿದ್ರು?” ಎಂದ ಭಾಗಣ್ಣ.

“ಅದು… ಇಟಲಿ ಪದ್ಧತಿ ಏನದ ಅಂದ್ರ…” ಎಂದು ಅಂಬರಾಯ ತೊದಲಿದ.

“ಪದ್ಧತಿ ಕಟ್ಟಿ ಆ ಕಡೆ ಇಡ್ರಿ,” ಎಂದು ಭಾಗಣ್ಣ ಎದ್ದು ನಿಂತ. ಅವನ ದನಿಗೆ ಕಿಟಕಿಯ ಪಾರಿವಾಳ ಹಾರಿತು. “ಹುಡುಗಿ ಅಂಗಳದಾಗೇ ಕುಂದ್ರಿಸಿದ್ರು. ಅಕಿ ತಾಯಿ ಸಾರಿಸಿದ ಅಂಗಳದಾಗ. ಮತ್ತೆಲ್ಲಿ ಕುಂದ್ರಿಸ್ತಾರ. ಆ ದಪ್ಪ ಮನುಷ್ಯಾ ಒಪ್ಪಲಿಲ್ಲಂದ್ರ ನಾ ಹೋಗಿ ಒಪ್ಪಸ್ತೀನಿ. ಕಟ್ಟಸ್ರಿ ತಾಳಿ.”

“ಗಟ್ಟಿ ಮೇಳ,” ಎಂದ ಅಂಬರಾಯ, ಕಣ್ಣು ಮುಚ್ಚಿ.

ಮೊದಲ ಹಿಡಿ ಅಕ್ಷತೆ ಭಾಗಣ್ಣನದೇ. ಅದು ಪರದೆಗೆ ಚಟಪಟ ಬಡಿಯಿತು. ಹಿಂದೆಯೇ ಎಂಭತ್ತು ಜನರದು ಬಿತ್ತು. ಬಸ್ಸಮ್ಮ ಸೋಬಾನ ಶುರುಮಾಡಿದಳು. ಒಬ್ಬಾಕೆ ಬೆಲ್ಲ ಹಂಚಿದಳು. ಸರಿಯಾಗಿ ಆಗ ಕರೆಂಟು ಬಂತು. ಕೌದಿ ಎಳೆಯಿರಿ ಎಂದರು ಯಾರೋ, ಎಳೆದರು.

ಬೆಲ್ಲ ಬಾಯಲ್ಲಿಟ್ಟುಕೊಂಡು ಎಲ್ಲರೂ ನೋಡಿದರು. ರೊಟ್ಟಿ ಅಂಗಡಿಯಿಂದ ಹಿಟ್ಟು ಮೆತ್ತಿದ ಬಡಕಲು ಮನುಷ್ಯ ಹೊರಗೆ ಓಡಿಬಂದ. ಟೊಪ್ಪಿಗೆ ಹಾರಿಹೋಗಿತ್ತು, ಮೈಮೇಲೆ ಕರಿ ಕೋಟು. ಹಿಂದೆ ದಪ್ಪ ಮನುಷ್ಯ ಕೂಗುತ್ತ ಓಡಿದ. ಇಷ್ಟು ಹೊತ್ತು ಸುಮ್ಮನಿದ್ದ ಸುನಿತಾ ಮೊಬೈಲನ್ನು ಪರದೆಯ ಕಡೆ ಹಿಡಿದಳು. ಕೇಳಿದ್ದನ್ನು ಕನ್ನಡ ಮಾಡಿ ಹೇಳುವ ವ್ಯವಸ್ಥೆ ಅದರಲ್ಲಿತ್ತು. ಮೊಬೈಲು ಪಟ್ಟಣದ ಹೆಣ್ಣುಮಗಳ ದನಿಯಲ್ಲಿ ಸ್ಪಷ್ಟವಾಗಿ ನುಡಿಯಿತು:

“ಕೋಟು ಕೊಡು. ಇಡೀ ಊರಿಗೆ ಮದುವೆಗೆ ಇರುವುದು ಒಂದೇ ಕೋಟು. ಈ ವಾರ ನನ್ನ ಸರದಿ.”

ಅಂಬರಾಯನ ಕೈಯ ಕೋಲು ನೆಲ ಮುಟ್ಟಿತು.

“ಇಷ್ಟೊತ್ತು ಜಗಳಾಡಿದ್ದು ಕೋಟಿನ ಸಲುವಾಗಿ ಅಂತ ಕಾಣ್ತದ,” ಎಂದರು ಮಾಸ್ತರರು.

ಬಸ್ಸಮ್ಮ ಮಾತ್ರ ಸೋಲಲಿಲ್ಲ. “ಆ ಡಬ್ಬಿಗೇನ್ ತಿಳೀತದವ್ವಾ ತಂಗಿ? ಕೋಟಿನ ಸಲುವಾಗಿ ಯಾರರೆ ಹಂಗ ಎದಿ ಬಡಕೋತಾರೇನು? ಆರಸು ಅದನ್ನ. ಮಾಸ್ತರೆ, ಪಿಕ್ಚರ್ ದಾರಿ ತಪ್ಯಾದ, ಅದನ್ನೂ ಆರಸ್ರಿ. ನಮ್ಮ ಲಗ್ನ ಮುಗೀತು.”

ಜನವೂ ಹಾಗೆಯೇ ತೀರ್ಮಾನ ಮಾಡಿತು. ಅಂಬರಾಯನ ಅರ್ಥ ಸರಿಯಾಗಿತ್ತು, ಇಟಲಿಯವರು ಮುಂದೆ ಎಲ್ಲೋ ತಪ್ಪು ಮಾಡಿದ್ದರು.

ಭಾಗಣ್ಣ ಅಂಬರಾಯನ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋಗಿ ಶಾಲೆಯ ನಳದ ಕಟ್ಟೆಯ ಮೇಲೆ ಕೂರಿಸಿದ. ಎದುರಿಗೆ ತಾನು ನಿಂತ. ಮಗಳ ಬದುಕು ತನ್ನ ನಾಲಿಗೆಯಿಂದಲೇ ಕೆಟ್ಟಿತೆಂದು ಅಂಬರಾಯ ಗಟ್ಟಿಮಾಡಿಕೊಂಡ.

“ನಿಮಗ ಇಟಲಿ ಬರೂದಿಲ್ಲ,” ಎಂದ ಭಾಗಣ್ಣ.

“ಎರಡು ಮಾತು ಬರ್ತಾವ್ರಿ. ಸಾಕು ಅನ್ನಲಿಕ್ಕ ಬರ್ತದ. ಸಾವಕಾಶ ಅನ್ನಲಿಕ್ಕ ಬರ್ತದ.”

“ಅಷ್ಟೇ?”

“ಅಷ್ಟೇರಿ.”

ಭಾಗಣ್ಣ ಮೀಸೆ ಒರೆಸಿಕೊಂಡ. “ಆ ದಪ್ಪ ಮನುಷ್ಯಾ ನಾನೇ ಏನು?”

ಅಂಬರಾಯ ಭಾಗಣ್ಣನ ಹೊಟ್ಟೆಯ ಕಡೆ ನೋಡಿ, “ಅವನ ಹೊಟ್ಟಿ ನಿಮ್ಮಕಿಂತ ದೊಡ್ಡದದ್ರಿ,” ಎಂದ.

“ಮಾತು ಹಾರಸಬ್ಯಾಡ್ರಿ. ನಿಮ್ಮ ಮನ್ಯಾಗಿನಾಕಿ ಖರೇನೇ ಹಂಗ ಕೇಳಿದ್ಳೇನು, ಅಂಗಳದ್ದು?”

“ಹೌದ್ರಿ.”

“ಮತ್ತ ಎರಡು ಸಲ ಬಂದೀನಿ ನಾನು. ಊಟ ಮಾಡೀನಿ. ಯಂತ್ರದ ಸುದ್ದಿ ಅಷ್ಟು ಹೇಳಿದ್ರಿ, ಇದೊಂದು ಮಾತು ಹೇಳಲಿಕ್ಕ ಏನಾಗಿತ್ತು?”

“ನನ್ನ ಬಾಯಿಲೆ ಬರಲಿಲ್ರೀ ಬೀಗರೇ. ಆ ಬಡಕಲು ಮನುಷ್ಯಾನ ಬಾಯಿಲೆ ಬಂತು.”

ಶಾಲೆಯೊಳಗಿಂದ ಸೋಬಾನದ ಪದ ಇನ್ನೂ ಕೇಳುತ್ತಿತ್ತು. ಸುಶ್ಮಿತಾ ಮತ್ತು ಸುನಿತಾ ಬಾಗಿಲಲ್ಲಿ ಒತ್ತಿ ನಿಂತು ಕಿವಿಗೊಟ್ಟಿದ್ದರು. ಭಾಗಣ್ಣ ನಳ ತಿರುವಿದ. ಆಮೇಲೆ ಬೊಗಸೆ ಹಿಡಿದು, ದಂಡೋತಿಯ ನೀರನ್ನು ಹೊಟ್ಟೆ ತುಂಬ ಕುಡಿದು, ಅಂಗಿಯ ತೋಳಿನಿಂದ ಮೀಸೆ ಒರೆಸಿಕೊಂಡ.

“ಅಕ್ಷತಿ ನನ್ನ ಕೈಲೆ ಹಾಕೀನಿ. ಎಂಭತ್ತು ಮಂದಿ ನೋಡ್ಯಾರ. ಇನ್ನ ತಿರುಗಿ ಮಾತಿಲ್ಲ, ಲಗ್ನ ನಿಮ್ಮ ಅಂಗಳದಾಗೇ. ಆದ್ರ ನಂದೊಂದು ಷರತ್ತು.”

“ಹೇಳ್ರಿ ಬೀಗರೇ.”

“ಈ ಮಾಸ್ತರ್ನ ಕರಕೊಂಡು ಚಿಮ್ಮನಚೋಡಕ್ಕ ಬರಬೇಕು. ಇದೇ ಪಿಕ್ಚರ್ ಹಾಕಬೇಕು, ನೀವೇ ಅರ್ಥ ಹೇಳಬೇಕು.” ಭಾಗಣ್ಣ ಅತ್ತಿತ್ತ ನೋಡಿ ದನಿ ತಗ್ಗಿಸಿದ. “ಆ ದಪ್ಪ ಮನುಷ್ಯಾನ್ನ ಮಾತ್ರ ಸ್ವಲ್ಪ ಒಳ್ಳೆಯವನ್ನ ಮಾಡಿ ಹೇಳ್ರಿ. ಅಲ್ಲಿ ನಮ್ಮ ಮಂದಿ ಕುಂತಿರ್ತಾರ.”